ಕಪಾಳಕ್ಕೊಂದು ಏಟು ಬಿದ್ದ ಮೇಲೆ ಬಿಟ್ಟ ಹುಚ್ಚು: ‘ರುಲಿನ್ ವಾಯ್‌ಷಿ’ ಎಂಬ ಚೀನೀ ಕಾದಂಬರಿ ಹುಟ್ಟಿದ್ದೆಲ್ಲಿಂದ?

ಫಾನ್ ಜಿನ್‌ಗೆ 54 ವರ್ಷ. ಇಪ್ಪತ್ತನೇ ವಯಸ್ಸಿನಿಂದ ಸರ್ಕಾರಿ ಪರೀಕ್ಷೆ ಬರೆಯುತ್ತಲೇ ಇದ್ದಾನೆ. ಮೊದಲ ಮೆಟ್ಟಿಲು ದಾಟಿದ್ದೇ ಈಗಷ್ಟೇ. ಎರಡನೆಯದನ್ನೂ ಬರೆದು ಬಂದಿದ್ದಾನೆ. ಇತ್ತ ಮನೆಯಲ್ಲಿ ಅಕ್ಕಿ ಇಲ್ಲ. ಮುದಿ ತಾಯಿಗೆ ಹಸಿವಿನಿಂದ ಕಣ್ಣು ಮಂಜಾಗಿದೆ. ಮೊಟ್ಟೆ ಇಡುವ ಹೇಂಟೆ ಒಂದೇ ಉಳಿದಿರೋದು. ಅದನ್ನು ಮಾರಿ ಅಕ್ಕಿ ತರಲು ಸಂತೆಗೆ ಹೋಗಿದ್ದಾನೆ. ಅಷ್ಟರಲ್ಲಿ ಕುದುರೆ ಏರಿ ಬಂದವರು ಮನೆಯ ಗೋಡೆಗೆ ಫಲಿತಾಂಶದ ಹಾಳೆ ಅಂಟಿಸುತ್ತಾರೆ. ಪಕ್ಕದ ಮನೆಯವನು ಓಡಿ ಬಂದು ಸುದ್ದಿ ಹೇಳಿದರೆ ಇವನು ನಂಬುವುದಿಲ್ಲ. ತಮಾಷೆ ಮಾಡ್ತಿದ್ದಾನೆ ಅಂದುಕೊಂಡು ತಲೆ ತಗ್ಗಿಸಿ ಮುಂದೆ ನಡೆಯುತ್ತಾನೆ. ಕೊನೆಗೆ ಅವನ ಕೈಯಿಂದ ಕೋಳಿ ಕಿತ್ತುಕೊಂಡು ಎಳೆದು ತರಬೇಕಾಗುತ್ತದೆ.

ಹಾಳೆ ಓದುತ್ತಾನೆ. ಇನ್ನೊಮ್ಮೆ ಓದುತ್ತಾನೆ. ಚಪ್ಪಾಳೆ ತಟ್ಟಿ ನಕ್ಕು, ‘ಆಹಾ! ಪಾಸಾದೆ!’ ಎನ್ನುತ್ತಾ ಹಾಗೇ ಹಿಂದಕ್ಕೆ ಬೀಳುತ್ತಾನೆ. ಎದ್ದವನೇ ಬೀದಿಗೆ ಓಡಿ, ಹೊಂಡಕ್ಕೆ ಬಿದ್ದು, ಮೈಯೆಲ್ಲ ಕೆಸರು ಮಾಡಿಕೊಂಡು ಮತ್ತೆ ಓಡುತ್ತಾನೆ. ಹುಚ್ಚು ಹಿಡಿದಿದೆ.

ಸುದ್ದಿ ತಂದವರಲ್ಲೇ ಒಬ್ಬ ಮದ್ದು ಹೇಳುತ್ತಾನೆ: ಇವನು ಯಾರಿಗೆ ಜಾಸ್ತಿ ಹೆದರುತ್ತಾನೋ ಅವರು ಕಪಾಳಕ್ಕೆ ಬಾರಿಸಿ, ‘ಎಲ್ಲ ಸುಳ್ಳು, ನೀನು ಪಾಸಾಗಿಲ್ಲ’ ಅನ್ನಬೇಕು. ಅವನು ಹೆದರುವುದು ಮಾವನಿಗೆ. ಮಾವ ಹು ಕಟುಕ. ಪರೀಕ್ಷೆಗೆ ಹೋಗಲು ಖರ್ಚಿಗೆ ಕೇಳಿದಾಗ ಇದೇ ಅಳಿಯನ ಮುಖಕ್ಕೆ ಉಗಿದು, ಉಚ್ಚೆ ಹೊಯ್ದು ಅದರಲ್ಲಿ ನಿನ್ನ ಮುಖ ನೋಡಿಕೋ ಎಂದು ಬೈದವನು. ಈಗ ಹೊಡೆಯಲು ಅವನಿಗೇ ನಡುಕ. ಪಾಸಾದವನು ಆಕಾಶದ ನಕ್ಷತ್ರ, ಅಂಥವನಿಗೆ ಹೊಡೆದರೆ ಯಮರಾಜ ಕಬ್ಬಿಣದ ಕೋಲಿನಲ್ಲಿ ನೂರು ಏಟು ಕೊಡಿಸುತ್ತಾನಂತೆ. ಎರಡು ಬಟ್ಟಲು ಹೆಂಡ ಕುಡಿದು ಧೈರ್ಯ ತಂದುಕೊಂಡು ಒಂದು ಬಾರಿಸುತ್ತಾನೆ. ಹುಚ್ಚು ಬಿಡುತ್ತದೆ. ಆದರೆ ಹೊಡೆದ ಕೈ ನೋಯತೊಡಗುತ್ತದೆ, ಬೆರಳು ಮಡಚಲು ಬರುವುದಿಲ್ಲ. ದೇವರು ಕೋಪಿಸಿಕೊಂಡ ಅಂತ ಹೆದರಿ, ಕೈಗೆ ಹಚ್ಚಲು ಮುಲಾಮು ಕೇಳುತ್ತಾನೆ. ಮನೆಗೆ ವಾಪಸ್ ಬರುವಾಗ ಅಳಿಯ ಮುಂದೆ, ಮಾವ ಹಿಂದೆ. ದಾರಿಯುದ್ದಕ್ಕೂ ಅಳಿಯನ ಅಂಗಿಯ ಹಿಂಭಾಗದ ಸುಕ್ಕನ್ನು ಬಗ್ಗಿ ಬಗ್ಗಿ ಸರಿಮಾಡುತ್ತಾ ಬರುತ್ತಾನೆ.

ಚೀನಾದಲ್ಲಿ ಶಾಲೆಗೆ ಹೋದವರಿಗೆ ಈ ಪ್ರಸಂಗ ಗೊತ್ತಿರುತ್ತದೆ, ಅಲ್ಲಿನ ಪಠ್ಯಪುಸ್ತಕದಲ್ಲೇ ಇದೆ. ಇದು ‘ರುಲಿನ್ ವಾಯ್‌ಷಿ’ ಕಾದಂಬರಿಯ ಮೂರನೇ ಅಧ್ಯಾಯ. ಹೆಸರಿಗೆ ‘ವಿದ್ವಾಂಸರ ಅನಧಿಕೃತ ಚರಿತ್ರೆ’ ಎಂಬ ಅರ್ಥ. ಬರೆದವನು ವು ಜಿಂಗ್‌ಝಿ, 1701ರಲ್ಲಿ ಹುಟ್ಟಿ 1754ರಲ್ಲಿ ಸತ್ತವನು. ಪುಸ್ತಕ ಮುಗಿದದ್ದು 1750ರ ಆಸುಪಾಸಿನಲ್ಲಿ. ಅದು ಅವನ ಕಾಲದಲ್ಲಿ ಕೈಬರಹದ ಪ್ರತಿಗಳಲ್ಲೇ ಓಡಾಡಿತು. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಮುದ್ರಣ 1803ರದ್ದು.

ಹುಚ್ಚು ಹಿಡಿಯುವಂಥದ್ದು ಆ ಪರೀಕ್ಷೆಯಲ್ಲಿ ಏನಿತ್ತು? ಅದು ಗೊತ್ತಾಗದಿದ್ದರೆ ಈ ನಗು ಅರ್ಧಂಬರ್ಧ.

ಆಗಿನ ಚೀನಾದಲ್ಲಿ ಸರ್ಕಾರಿ ಅಧಿಕಾರಕ್ಕೆ ದಾರಿ ಪರೀಕ್ಷೆಯದ್ದೇ. ಮುಖ್ಯವಾಗಿ ಮೂರು ಮೆಟ್ಟಿಲು. ಊರು, ಜಿಲ್ಲೆಯ ಮಟ್ಟದಲ್ಲಿ ಗೆದ್ದವನು ಷಿಯೂತ್ಸಾಯ್. ಪ್ರಾಂತ್ಯದ ರಾಜಧಾನಿಯಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಪರೀಕ್ಷೆಯಲ್ಲಿ ಗೆದ್ದವನು ಜ್ಯುರೆನ್. ಬೀಜಿಂಗ್‌ಗೆ ಹೋಗಿ ಗೆದ್ದವನು ಜಿನ್‌ಷಿ. ಜಿನ್‌ಷಿ ಆಗುತ್ತಿದ್ದವರು ಒಂದು ಸಲಕ್ಕೆ ಇಡೀ ದೇಶದಲ್ಲಿ ಸುಮಾರು ಇನ್ನೂರು ಮುನ್ನೂರು ಮಂದಿ ಅಷ್ಟೇ. ಹೆಚ್ಚಿನವರು ಮೊದಲ ಮೆಟ್ಟಿಲಲ್ಲೇ, ಇಲ್ಲವೇ ಅದರ ಕೆಳಗೇ ಮುದುಕರಾಗುತ್ತಿದ್ದರು.

ಮೊದಲ ಮೆಟ್ಟಿಲಿಗೂ ಬೆಲೆ ಇತ್ತು ಅನ್ನಿ. ಷಿಯೂತ್ಸಾಯ್ ಆದವನಿಗೆ ಬಿಟ್ಟಿ ಚಾಕರಿ ಇಲ್ಲ. ಪದವಿ ಕಿತ್ತುಕೊಳ್ಳದೆ ಅವನಿಗೆ ಛಡಿ ಏಟು ಹೊಡೆಸುವ ಹಾಗಿಲ್ಲ. ಆದರೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಎರಡನೇ ಮೆಟ್ಟಿಲು ಹತ್ತಿದರೆ ಮಾತ್ರ ಬದುಕೇ ಬೇರೆ. ಅಧಿಕಾರಿಯಾಗುವ ಅರ್ಹತೆ ಬರುತ್ತದೆ, ಊರ ದೊಡ್ಡವರು ಸರೀಕನೆಂದು ಕಾಣುತ್ತಾರೆ. ಫಾನ್ ಜಿನ್‌ಗೆ ಆಗುವುದೂ ಇದೇ. ಅಲ್ಲಿಯವರೆಗೆ ಮುಖ ನೋಡದಿದ್ದ ಝಾಂಗ್ ಎಂಬ ಜಮೀನ್ದಾರ ಅದೇ ದಿನ ಪಲ್ಲಕ್ಕಿಯಲ್ಲಿ ಬರುತ್ತಾನೆ. 50 ಲಿಯಾಂಗ್ (ಬೆಳ್ಳಿ ತೂಗುವ ಚೀನೀ ಅಳತೆ) ಬೆಳ್ಳಿ ಕೈಗಿಡುತ್ತಾನೆ, ಇರಲು ಮನೆ ಕೊಡುತ್ತಾನೆ. ಆಮೇಲೆ ಒಬ್ಬೊಬ್ಬರಾಗಿ ಬಂದು ಹೊಲ, ಅಂಗಡಿ, ಆಳುಕಾಳು ಒಪ್ಪಿಸುತ್ತಾರೆ. ಫಾನ್ ಜಿನ್ ಇನ್ನೂ ಯಾವ ಕೆಲಸವನ್ನೂ ಮಾಡಿಲ್ಲ. ಹೆಸರಿನ ಮುಂದೆ ಒಂದು ಪದವಿ ಬಂದಿದೆ, ಅಷ್ಟೇ. ಇದೆಲ್ಲ ತನ್ನದೇ ಅಂತ ಗೊತ್ತಾದಾಗ ಅವನ ತಾಯಿ ಸಂತೋಷ ತಡೆಯಲಾರದೆ ಕುಸಿದು ಸತ್ತೇ ಹೋಗುತ್ತಾಳೆ.

ಪರೀಕ್ಷೆಯಲ್ಲಿ ಬರೆಯಬೇಕಿದ್ದದ್ದು ‘ಎಂಟು ಕಾಲಿನ ಪ್ರಬಂಧ’. ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳಿಂದ ಒಂದು ಸಾಲು ಕೊಡುತ್ತಾರೆ. ಅದನ್ನು ಗೊತ್ತುಪಡಿಸಿದ ಭಾಗಗಳಲ್ಲಿ, ಜೋಡಿ ಜೋಡಿ ಸಮತೂಕದ ವಾಕ್ಯಗಳಲ್ಲಿ, ಹಳೆಯ ಋಷಿಯೇ ಮಾತಾಡುತ್ತಿರುವ ಹಾಗೆ ಬೆಳೆಸಬೇಕು. ಅರ್ಥ ಹೇಳುವುದು 12ನೇ ಶತಮಾನದ ಝು ಷಿ ಬರೆದ ವ್ಯಾಖ್ಯಾನದ ಪ್ರಕಾರವೇ. ಸ್ವಂತ ಅಭಿಪ್ರಾಯ ಬೇಕಿಲ್ಲ. ಕಂದಾಯ, ನೀರಾವರಿ, ನ್ಯಾಯ ಇವುಗಳಿಗೂ ಈ ಪ್ರಬಂಧಕ್ಕೂ ನೇರ ಸಂಬಂಧ ಇಲ್ಲ. ಇಷ್ಟು ಬಿಗಿ ಯಾಕೆ ಅಂದರೆ, ಸಾವಿರಗಟ್ಟಲೆ ಉತ್ತರಪತ್ರಿಕೆಗಳನ್ನು ಪಕ್ಷಪಾತ ಇಲ್ಲದೆ ಹೋಲಿಸಿ ನೋಡಲು ಒಂದು ಅಚ್ಚು ಬೇಕಿತ್ತು. ಅಚ್ಚು ಬಂತು. ಜನ ಆ ಅಚ್ಚಿಗೆ ತಕ್ಕ ಹಾಗೆ ತಮ್ಮ ತಲೆಯನ್ನೇ ಎರಕ ಹೊಯ್ದುಕೊಂಡರು.

ವು ಜಿಂಗ್‌ಝಿ ಇದನ್ನೆಲ್ಲ ಬೈದು ಬರೆಯುವುದಿಲ್ಲ. ತೋರಿಸಿ ಸುಮ್ಮನಾಗುತ್ತಾನೆ. ಫಾನ್ ಜಿನ್‌ನ ಮೊದಲ ಪರೀಕ್ಷೆಯ ಉತ್ತರಪತ್ರಿಕೆಯನ್ನು ನೋಡಿದವನು ಝೌ ಜಿನ್ ಎಂಬ ಅಧಿಕಾರಿ. ಮೊದಲ ಸಲ ಓದಿ, ಇದೇನು ಹರಟಿದ್ದಾನೆ ಅಂತ ಬದಿಗಿಡುತ್ತಾನೆ. ಎರಡನೇ ಸಲ ಏನೋ ಇದ್ದ ಹಾಗಿದೆ ಅನ್ನಿಸುತ್ತದೆ. ಮೂರನೇ ಓದಿಗೆ, ಭೂಮಿ ಆಕಾಶದ ನಡುವೆ ಇಂಥ ಬರಹ ಇನ್ನಿಲ್ಲ, ಅಕ್ಷರ ಅಕ್ಷರವೂ ಮುತ್ತು ಎಂದು ಉದ್ಗರಿಸಿ ಮೊದಲ ಸ್ಥಾನ ಕೊಡುತ್ತಾನೆ. ಪ್ರಬಂಧ ನಿಜವಾಗಿ ಹೇಗಿತ್ತು ಅಂತ ಲೇಖಕ ನಮಗೆ ಹೇಳುವುದೇ ಇಲ್ಲ. ಝೌ ಜಿನ್ ಅದನ್ನು ಮೂರು ಸಲ ಯಾಕೆ ಓದಿದ ಅನ್ನುವುದು ಮಾತ್ರ ಗೊತ್ತು. ಚಳಿಯಲ್ಲಿ ಹರಿದ ಬಟ್ಟೆಯಲ್ಲಿ ನಿಂತಿದ್ದ ಆ ಮುದಿ ಅಭ್ಯರ್ಥಿಯಲ್ಲಿ ಅವನಿಗೆ ಕಂಡದ್ದು ತನ್ನದೇ ಹಳೆಯ ರೂಪ.

ಯಾಕೆಂದರೆ ಝೌ ಜಿನ್ ಕೂಡ ಅರವತ್ತು ದಾಟುವವರೆಗೆ ಷಿಯೂತ್ಸಾಯ್ ಸಹ ಆಗಿರಲಿಲ್ಲ. ಷಾನ್‌ಡಾಂಗ್‌ನ ಒಂದು ಹಳ್ಳಿಯ ಗುಡಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ವರ್ಷಕ್ಕೆ 12 ಲಿಯಾಂಗ್ ಬೆಳ್ಳಿ ಸಂಬಳ, ಊಟ ಗುಡಿಯ ಸನ್ಯಾಸಿಯ ಬಳಿ. ಒಂದು ಸಂಜೆ ವಾಂಗ್ ಹುಯಿ ಎಂಬ ಜ್ಯುರೆನ್ ಮಳೆಗೆ ಸಿಕ್ಕಿ ಅಲ್ಲಿಗೆ ಬರುತ್ತಾನೆ. ಅವನ ಆಳುಗಳು ಕೋಳಿ, ಮೀನು, ಬಾತುಕೋಳಿ, ಹಂದಿಮಾಂಸದ ಊಟ ಬಡಿಸುತ್ತಾರೆ. ಎದುರಿಗೇ ಕೂತ ಮೇಷ್ಟ್ರಿಗೆ ಒಂದು ಮಾತೂ ಹೇಳದೆ ಅವನು ಉಂಡು ಮುಗಿಸುತ್ತಾನೆ. ಆಮೇಲೆ ಸನ್ಯಾಸಿ ಮೇಷ್ಟ್ರಿಗೆ ತಂದಿಡುವುದು ಬಲಿತ ಎಲೆಕೋಸಿನ ಪಲ್ಯ, ಒಂದು ಹೂಜಿ ಬಿಸಿನೀರು. ಮಾರನೇ ದಿನ ಜ್ಯುರೆನ್ ದೋಣಿ ಹತ್ತಿ ಹೋಗುತ್ತಾನೆ. ನೆಲದ ಮೇಲೆ ಕೋಳಿ ಮೂಳೆ, ಬಾತಿನ ರೆಕ್ಕೆ, ಮೀನಿನ ಮುಳ್ಳು, ಕಲ್ಲಂಗಡಿ ಬೀಜದ ಸಿಪ್ಪೆ. ಮೇಷ್ಟ್ರು ಬೆಳಿಗ್ಗೆಯೆಲ್ಲ ಅದನ್ನು ಗುಡಿಸುತ್ತಾರೆ. ಅಷ್ಟೇ. ಪಾಪ ಅಂತ ಲೇಖಕ ಒಂದು ಮಾತೂ ಸೇರಿಸುವುದಿಲ್ಲ.

ಆ ಕೆಲಸವೂ ಹೋದ ಮೇಲೆ ಝೌ ಜಿನ್ ವ್ಯಾಪಾರಿಗಳ ಲೆಕ್ಕ ಬರೆಯಲು ಹೋಗುತ್ತಾನೆ. ಪ್ರಾಂತ್ಯದ ರಾಜಧಾನಿಯಲ್ಲಿ ಪರೀಕ್ಷಾ ಆವರಣ ನೋಡುವ ಆಸೆಯಾಗುತ್ತದೆ. ಈ ಆವರಣ ಅಂದರೆ ಸಾಲು ಸಾಲು ಗೂಡುಗಳು. ಪ್ರತಿ ಗೂಡಿನಲ್ಲಿ ಒಬ್ಬ, ಎರಡು ಹಲಗೆ. ಹಗಲು ಒಂದು ಮೇಜು, ಇನ್ನೊಂದು ಕೂರುವ ಮಣೆ. ರಾತ್ರಿ ಎರಡನ್ನೂ ಸೇರಿಸಿದರೆ ಹಾಸಿಗೆ. ಅಡುಗೆ, ನಿದ್ದೆ, ಬರವಣಿಗೆ ಎಲ್ಲ ಅಲ್ಲೇ. ಜೀವಮಾನವಿಡೀ ಒಳಗೆ ಕಾಲಿಡಲು ಆಗದ ಜಾಗದಲ್ಲಿ ಆ ಹಲಗೆಗಳನ್ನು ಕಂಡಾಗ ಝೌ ಜಿನ್ ತಲೆಯನ್ನು ಅದಕ್ಕೆ ಬಡಿದು ಮೂರ್ಛೆ ಹೋಗುತ್ತಾನೆ. ಎಚ್ಚರವಾದ ಮೇಲೆ ಒಂದೊಂದು ಗೂಡಿಗೂ ಹೋಗಿ, ಬಾಯಲ್ಲಿ ರಕ್ತ ಬರುವ ತನಕ ಅಳುತ್ತಾನೆ. ಜೊತೆಗಿದ್ದ ವ್ಯಾಪಾರಿಗಳಿಗೆ ಕರುಳು ಚುರ್ ಎನ್ನುತ್ತದೆ. 200 ಲಿಯಾಂಗ್ ಸೇರಿಸಿ ಅವನಿಗೊಂದು ‘ಜಿಯಾನ್‌ಷೆಂಗ್’ ಪದವಿ ಕೊಡಿಸುತ್ತಾರೆ. ಹೌದು, ದುಡ್ಡು ಕೊಟ್ಟರೆ ಸಿಗುವ ಪದವಿಯೂ ಇತ್ತು. ಸರ್ಕಾರವೇ ಮಾರುತ್ತಿತ್ತು. ಅದು ಇದ್ದರೆ ಮೊದಲ ಮೆಟ್ಟಿಲು ಬಿಟ್ಟು ನೇರವಾಗಿ ಎರಡನೆಯದಕ್ಕೆ ಕೂರಬಹುದು. ಝೌ ಜಿನ್ ಕೂರುತ್ತಾನೆ, ಗೆಲ್ಲುತ್ತಾನೆ. ಅವನನ್ನು ಓಡಿಸಿದ ಅದೇ ಹಳ್ಳಿಯವರು ಆಮೇಲೆ ಗುಡಿಯಲ್ಲಿ ಅವನ ಹೆಸರಿನ ಫಲಕ ಇಟ್ಟು ಪೂಜೆ ಮಾಡುತ್ತಾರೆ.

ಪುಸ್ತಕದ ಸಾಮಾಜಿಕ ಬೇರು ನನಗೆ ಕಾಣುವುದು ಇಲ್ಲಿ. ಪರೀಕ್ಷೆ ಕಷ್ಟ ಅನ್ನುವುದು ಅದರಲ್ಲಿ ಸಣ್ಣ ಭಾಗ. 18ನೇ ಶತಮಾನದಲ್ಲಿ ಚೀನಾದ ಜನಸಂಖ್ಯೆ ಜೋರಾಗಿ ಏರುತ್ತಿತ್ತು, ಅಧಿಕಾರದ ಸ್ಥಾನಗಳು ಹೆಚ್ಚುಕಡಿಮೆ ಅಷ್ಟೇ ಇದ್ದವು. ಅಕ್ಷರ ಕಲಿತು, ಬೇರೆ ಕೆಲಸ ಕಲಿಯದೆ, ಕೆಲಸವೂ ಸಿಗದೆ ಉಳಿದ ಗಂಡಸರ ಒಂದು ದೊಡ್ಡ ಪಡೆ ಊರೂರಲ್ಲಿ ಬೆಳೆಯಿತು. ಇವರು ಹೊಟ್ಟೆ ಹೊರೆಯಬೇಕಲ್ಲ? ಪರೀಕ್ಷೆಯ ಸುತ್ತಲೇ ಒಂದು ಮಾರುಕಟ್ಟೆ ಎದ್ದಿತು. ಕಾದಂಬರಿಯ ಹೆಚ್ಚಿನ ಪಾತ್ರಗಳು ಆ ಮಾರುಕಟ್ಟೆಯವರು.

ಮಾ ಚುನ್‌ಷಾಂಗ್‌ನನ್ನೇ ನೋಡಿ. ಗೆದ್ದವರ ಪ್ರಬಂಧಗಳನ್ನು ಆರಿಸಿ ಟಿಪ್ಪಣಿ ಬರೆದು ಗೈಡ್ ಪುಸ್ತಕ ಮಾಡುವುದು ಅವನ ಕಸುಬು. ಕನ್‌ಫ್ಯೂಷಿಯಸ್ ಈಗ ಬದುಕಿದ್ದರೆ ಅವನೂ ಇದೇ ಪ್ರಬಂಧ ಓದಿ ಪರೀಕ್ಷೆಗೆ ಕೂರುತ್ತಿದ್ದ, ಇಲ್ಲದಿದ್ದರೆ ಕೆಲಸ ಯಾರು ಕೊಡುತ್ತಿದ್ದರು ಅನ್ನುತ್ತಾನೆ. ವ್ಯಂಗ್ಯಕ್ಕಲ್ಲ, ಪ್ರಾಮಾಣಿಕವಾಗಿ. ಆಸಾಮಿ ಒಳ್ಳೆಯವನೇ, ಗೊತ್ತಿಲ್ಲದವರ ಕಷ್ಟಕ್ಕೂ ಕೈಯಲ್ಲಿದ್ದದ್ದನ್ನೆಲ್ಲ ಕೊಡುವವನು. ಆದರೆ ಚೀನಾದ ಕವಿಗಳು ಹಾಡಿ ಹಾಡಿ ದಣಿದ ಹಾಂಗ್‌ಝೌನ ಪಶ್ಚಿಮ ಸರೋವರಕ್ಕೆ ಹೋದರೆ ಅವನಿಗೆ ಕಾಣುವುದು ಅಂಗಡಿಯಲ್ಲಿ ತೂಗುಹಾಕಿದ ಮಾಂಸ, ಆವಿ ಏಳುವ ತಿಂಡಿಗಳು. ಕಿಸೆಯಲ್ಲಿ ಕಾಸಿಲ್ಲದೆ ಜೊಲ್ಲು ನುಂಗುತ್ತಾನೆ. ಸರೋವರದ ಬಗ್ಗೆ ಬಾಯಿಗೆ ಬರುವುದೂ ಗ್ರಂಥದಲ್ಲಿ ಉರುಹೊಡೆದ ಒಂದು ಸಾಲು.

ಅದೇ ಮಾ ಕೈಹಿಡಿದು ಮೇಲೆತ್ತಿದ ಹುಡುಗ ಕ್ವಾಂಗ್ ಚಾವೊರೆನ್. ಕಾಯಿಲೆ ಬಿದ್ದ ಅಪ್ಪನನ್ನು ರಾತ್ರಿಯೆಲ್ಲ ಆರೈಕೆ ಮಾಡಿ, ಹಗಲು ಹಂದಿ ಕಡಿದು ಮಾಂಸ ಮಾರಿ, ತೋಫು ಮಾಡಿ ಮಾರುತ್ತಿದ್ದ ಬಂಗಾರದಂಥ ಹುಡುಗ. ಷಿಯೂತ್ಸಾಯ್ ಆಗುತ್ತಾನೆ. ನಗರಕ್ಕೆ ಹೋಗುತ್ತಾನೆ. ಸುಳ್ಳು ದಾಖಲೆ ಬರೆಯುತ್ತಾನೆ, ಇನ್ನೊಬ್ಬನ ಹೆಸರಿನಲ್ಲಿ ಕೂತು ಪರೀಕ್ಷೆ ಬರೆಯುತ್ತಾನೆ, ಹೆಂಡತಿ ಇದ್ದೂ ಇಲ್ಲ ಎಂದು ಹೇಳಿ ದೊಡ್ಡ ಮನೆಯ ಹುಡುಗಿಯನ್ನು ಮದುವೆಯಾಗುತ್ತಾನೆ. ಕೊನೆಗೆ ದೋಣಿಯಲ್ಲಿ ಸಿಕ್ಕವರ ಮುಂದೆ ಜಂಬ ಕೊಚ್ಚುತ್ತಾನೆ: ಐದು ಪ್ರಾಂತ್ಯಗಳ ಓದುಗರು ಮನೆಯಲ್ಲಿ ‘ದಿವಂಗತ ಪಂಡಿತ ಕ್ವಾಂಗ್’ ಅಂತ ಫಲಕ ಇಟ್ಟು ನನಗೆ ಊದುಬತ್ತಿ ಹಚ್ಚುತ್ತಾರೆ! ಆ ಪದ ಸತ್ತವರಿಗೆ ಬಳಸುವುದಲ್ಲವೇ ಅಂತ ಒಬ್ಬ ಕೇಳಿದರೆ ಮುಖ ಕೆಂಪಗೆ ಮಾಡಿಕೊಂಡು ವಾದಿಸುತ್ತಾನೆ. ಒಳ್ಳೆಯ ಹುಡುಗನೊಬ್ಬ ಹಂತ ಹಂತವಾಗಿ ಕೆಡುವುದನ್ನು ಇಷ್ಟು ತಣ್ಣಗೆ ಬರೆದದ್ದು ಆ ಕಾಲದಲ್ಲಿ ಅಪರೂಪ. ಫಾನ್ ಜಿನ್‌ಗಿಂತ ಇವನ ಕಥೆಯೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು.

ನೀತಿಯೂ ಆ ಮಾರುಕಟ್ಟೆಯ ಸರಕೇ. ಯಾನ್ ಎಂಬ ಸಾಹುಕಾರನ ಹೆಂಡತಿ ಸಾಯುವ ಹಂತದಲ್ಲಿದ್ದಾಳೆ. ಉಪಪತ್ನಿಯನ್ನು ಹೆಂಡತಿಯ ಸ್ಥಾನಕ್ಕೆ ಏರಿಸಬೇಕು. ಸಾಯುತ್ತಿರುವವಳ ಇಬ್ಬರು ಸೋದರರೂ ಪಂಡಿತರು. ಮೊದಲು ಗಂಟು ಮುಖ ಹಾಕಿ ಮಾತಾಡದೆ ಕೂರುತ್ತಾರೆ. ತಲಾ 100 ಲಿಯಾಂಗ್ ಕೈಗೆ ಬಂದ ಮೇಲೆ ಮೇಜು ಗುದ್ದಿ ಹೇಳುತ್ತಾರೆ: ನಾವು ಓದಿದವರು, ಕುಲಧರ್ಮದ ವಿಷಯದಲ್ಲಿ ರಾಜಿ ಇಲ್ಲ, ಇವಳನ್ನು ಏರಿಸಲೇಬೇಕು! ಇದೇ ಯಾನ್ ಸಾಯುವಾಗ ಎರಡು ಬೆರಳು ಎತ್ತಿ ತೋರಿಸುತ್ತಾನೆ, ಪ್ರಾಣ ಹೋಗುವುದಿಲ್ಲ. ಇಬ್ಬರು ನೆಂಟರೇ, ಎರಡು ಕಡೆ ಹೂತಿಟ್ಟ ಬೆಳ್ಳಿಯೇ ಅಂತ ಎಲ್ಲರೂ ಊಹಿಸುತ್ತಾರೆ. ದೀಪದಲ್ಲಿ ಎರಡು ಬತ್ತಿ ಉರಿದು ಎಣ್ಣೆ ದಂಡವಾಗುತ್ತಿದೆ ಅನ್ನುವುದು ಅವನ ಸಂಕಟ. ಒಂದು ಬತ್ತಿ ತೆಗೆದ ಮೇಲೆ ತಲೆ ಆಡಿಸಿ ಸಾಯುತ್ತಾನೆ.

ಇಷ್ಟೆಲ್ಲ ವು ಜಿಂಗ್‌ಝಿಗೆ ಹೇಗೆ ಗೊತ್ತು? ಅವನ ಮನೆಯೇ ಪರೀಕ್ಷೆಯಿಂದ ಎದ್ದದ್ದು. ಅನ್‌ಹುಯಿ ಪ್ರಾಂತ್ಯದ ಚುವಾನ್‌ಜಿಯಾವ್ ಅವನ ಊರು. ಮುತ್ತಜ್ಜ ಮತ್ತವನ ಸೋದರರು ಐವರಲ್ಲಿ ನಾಲ್ವರು ಜಿನ್‌ಷಿ ಆದವರು. ಮುತ್ತಜ್ಜ ವು ಗುವೊದುಯಿ 1658ರಲ್ಲಿ ಇಡೀ ಸಾಮ್ರಾಜ್ಯಕ್ಕೆ ಮೂರನೇ ಸ್ಥಾನ ಪಡೆದವನು. ತಂದೆಯ ಕಾಲಕ್ಕೆ ವೈಭವ ಇಳಿದಿತ್ತು. ಅವನು ಜಿಯಾಂಗ್‌ಸುವಿನ ಒಂದು ಸಣ್ಣ ಊರಲ್ಲಿ ಸರ್ಕಾರಿ ಅಧ್ಯಾಪಕ. 1723ರಲ್ಲಿ ತಂದೆ ತೀರಿಕೊಂಡ. ಹೆಚ್ಚುಕಡಿಮೆ ಅದೇ ಹೊತ್ತಿಗೆ ವು ಷಿಯೂತ್ಸಾಯ್ ಆದ. ಅಲ್ಲಿಗೇ ನಿಂತ. ಆಸ್ತಿಗಾಗಿ ದಾಯಾದಿಗಳು ಮುಗಿಬಿದ್ದರು. ಬಾಯಲ್ಲಿ ಧರ್ಮಗ್ರಂಥ ಇಟ್ಟುಕೊಂಡವರು ಪಾಲಿಗಾಗಿ ಏನೇನು ಮಾಡಬಲ್ಲರು ಅನ್ನುವುದನ್ನು ಅವನು ಕಣ್ಣಾರೆ ಕಂಡ. ಉಳಿದದ್ದನ್ನು ಅವನೇ ಕೇಳಿದವರಿಗೆಲ್ಲ ಕೊಟ್ಟು, ಕುಡಿದು ಕಳೆದ. ಊರವರು ಮಕ್ಕಳಿಗೆ, ಅವನ ಹಾಗೆ ಆಗಬೇಡ ಅಂತ ಬುದ್ಧಿ ಹೇಳುವ ಮಟ್ಟಕ್ಕೆ ಹೋಯಿತು.

1733ರಲ್ಲಿ ಊರು ಬಿಟ್ಟು ನಾನ್‌ಜಿಂಗ್‌ಗೆ ಬಂದ. ಚಿನ್‌ಹುವಾಯ್ ನದಿಯ ಬದಿಯಲ್ಲಿ ಮನೆ. ಕೆಲವು ವರ್ಷದಲ್ಲೇ ಒಂದು ಅವಕಾಶ ಬಂತು. ಚಕ್ರವರ್ತಿ ಶ್ರೇಷ್ಠ ವಿದ್ವಾಂಸರಿಗೆಂದು ಕರೆದ ವಿಶೇಷ ಪರೀಕ್ಷೆಗೆ ಇವನ ಹೆಸರೂ ಶಿಫಾರಸಾಯಿತು. ಕಾಯಿಲೆ ಅಂತ ಹೇಳಿ ರಾಜಧಾನಿಗೆ ಹೋಗಲಿಲ್ಲ. ಕಾದಂಬರಿಯಲ್ಲಿ ಇವನದೇ ಪಡಿಯಚ್ಚಾದ ದು ಷಾವೊಚಿಂಗ್ ಇದನ್ನೇ ಮಾಡುತ್ತಾನೆ. ಅಧಿಕಾರಿ ಬಂದಾಗ ಇಬ್ಬರು ಆಳುಗಳ ಹೆಗಲ ಮೇಲೆ ಕೈ ಹಾಕಿಕೊಂಡು, ಕಾಲೂರಲಾರದವನ ಹಾಗೆ ನಟಿಸುತ್ತಾನೆ. ಅದೇ ದು ಒಂದು ದಿನ ಕೈಯಲ್ಲಿ ಚಿನ್ನದ ಬಟ್ಟಲು, ಇನ್ನೊಂದು ಕೈಯಲ್ಲಿ ಹೆಂಡತಿಯ ಕೈ ಹಿಡಿದು ನಾನ್‌ಜಿಂಗ್‌ನ ಗುಡ್ಡದ ಮೇಲೆ ನಗುತ್ತಾ ನಡೆಯುತ್ತಾನೆ. ನೋಡಿದವರೇ ಗಾಬರಿಯಾಗಿ ಕಣ್ಣು ತಗ್ಗಿಸುತ್ತಾರೆ.

ಕಾದಂಬರಿಯ ಹೊರಗೆ, ವು ಬದುಕಿನಲ್ಲಿ ಬಡತನ ಬಿಗಿಯಾಗುತ್ತಾ ಹೋಯಿತು. ಗೆಳೆಯ ಚೆಂಗ್ ಜಿನ್‌ಫಾಂಗ್ ಬರೆದ ಜೀವನಚರಿತ್ರೆಯಲ್ಲಿ ಒಂದು ಸಂಗತಿ ಇದೆ. ಕಡುಚಳಿಗಾಲದ ರಾತ್ರಿ ಮನೆಯಲ್ಲಿ ಕುಡಿಯಲಿಕ್ಕೂ ಇಲ್ಲ, ಉಣ್ಣಲಿಕ್ಕೂ ಇಲ್ಲ. ವು ಐದಾರು ಗೆಳೆಯರನ್ನು ಕಟ್ಟಿಕೊಂಡು ಊರ ಕೋಟೆಯ ಹೊರಗೆ ಹತ್ತಾರು ಲಿ (ಒಂದು ಲಿ ಅಂದರೆ ಸುಮಾರು ಅರ್ಧ ಕಿಲೋಮೀಟರ್) ದೂರ ಹಾಡುತ್ತಾ, ಕೂಗುತ್ತಾ ಬೆಳಗಿನ ತನಕ ನಡೆಯುತ್ತಿದ್ದ. ಬೆಳಿಗ್ಗೆ ಊರೊಳಗೆ ಬಂದು ನಕ್ಕು ಮನೆಗೆ. ಅದಕ್ಕೆ ‘ಕಾಲು ಬೆಚ್ಚಗೆ ಮಾಡಿಕೊಳ್ಳುವುದು’ ಅಂತ ಹೆಸರಿಟ್ಟಿದ್ದರು. ಇದೇ ಗೆಳೆಯ ಒಂದು ಪದ್ಯದಲ್ಲಿ, ಇಂಥವನ ಹೆಸರು ಕೊನೆಗೆ ಕಟ್ಟುಕಥೆಯಿಂದ ಉಳಿಯಬೇಕಾಯಿತಲ್ಲಾ ಅಂತ ಕೊರಗಿದ್ದಾನೆ. ಆಗ ಕಾದಂಬರಿಗೆ ಇದ್ದ ಮರ್ಯಾದೆ ಅಷ್ಟು.

ಕಥೆಯನ್ನು ವು ತನ್ನ ಕಾಲದಲ್ಲಿ ಇಡಲಿಲ್ಲ. ಹಿಂದಿನ ಮಿಂಗ್ ರಾಜವಂಶದ ಕಾಲಕ್ಕೆ, 1487ರಿಂದ 1595ರ ನಡುವೆ ಇಟ್ಟ. ಅವನು ಬದುಕಿದ್ದ ಚಿಂಗ್ ಆಳ್ವಿಕೆಯಲ್ಲಿ ಬರಹಕ್ಕಾಗಿ ತಲೆ ಹೋದ ಉದಾಹರಣೆಗಳಿದ್ದವು. ಆದರೆ ಅದೊಂದೇ ಕಾರಣ ಇರಲಾರದು ಅನ್ನಿಸುತ್ತದೆ. ಎಂಟು ಕಾಲಿನ ಪ್ರಬಂಧದ ರೂಪ ಗಟ್ಟಿಯಾದದ್ದು ಹೆಚ್ಚುಕಡಿಮೆ 1487ರ ಹಿಂದಿನ ದಶಕಗಳಲ್ಲೇ. ಪೀಠಿಕೆಯ ಅಧ್ಯಾಯ ಇನ್ನೂ ಹಿಂದಕ್ಕೆ ಹೋಗುತ್ತದೆ. ದನ ಕಾಯುತ್ತಾ ತಾವರೆ ಬರೆಯಲು ಕಲಿತ ಚಿತ್ರಕಾರ ವಾಂಗ್ ಮಿಯಾನ್ ಹೊಸ ಪರೀಕ್ಷೆಯ ನಿಯಮ ಓದಿ, ಇದು ಸರಿಯಾದ ಪದ್ಧತಿ ಅಲ್ಲ, ಮುಂದೆ ಓದಿದವರಿಗೆ ಮೇಲೇರಲು ಇದೊಂದೇ ದಾರಿ ಸಿಕ್ಕರೆ ವಿದ್ಯೆ, ನಡತೆ ಎರಡನ್ನೂ ಹಗುರ ಮಾಡಿಬಿಡುತ್ತಾರೆ ಎನ್ನುತ್ತಾನೆ. ಪುಸ್ತಕದಲ್ಲಿ ಲೇಖಕನ ಅಭಿಪ್ರಾಯ ಇಷ್ಟು ಬಿಡಿಸಿ ಬರುವುದು ಇನ್ನೆಲ್ಲೂ ಇಲ್ಲ ಅನ್ನಬಹುದು.

ಉಳಿದಂತೆ ಎಲ್ಲ ಜನರ ಮಾತು, ನಡೆ. ಬಳಸಿದ್ದು ಆಡುಮಾತಿಗೆ ಹತ್ತಿರದ ಭಾಷೆ. ಇಡೀ ಕಾದಂಬರಿಗೆ ನಾಯಕ ಇಲ್ಲ. ಒಬ್ಬನ ಕಥೆ ಇನ್ನೊಬ್ಬನನ್ನು ಪರಿಚಯಿಸಿ ತಾನು ಮರೆಯಾಗುತ್ತದೆ. ಮೊದಲ ಸಲ ಓದುವವರಿಗೆ ಇದು ಕಿರಿಕಿರಿಯೇ. ನೂರಾರು ಹೆಸರು, ಯಾರು ಎಲ್ಲಿ ಹೋದರು ತಿಳಿಯದು. ಆದರೆ ಒಬ್ಬ ನಾಯಕ ಇದ್ದಿದ್ದರೆ ನಾವು ಅವನ ಸೋಲು ಗೆಲುವಿಗೆ ಅಂಟಿಕೊಳ್ಳುತ್ತಿದ್ದೆವು. ಇಲ್ಲಿ ಆಸಾಮಿಗಳು ಬದಲಾಗುತ್ತಾರೆ, ಪದವಿಯ ಮುಂದೆ ಬೆನ್ನು ಬಗ್ಗುವ ರೀತಿ ಮಾತ್ರ ಬದಲಾಗುವುದಿಲ್ಲ. ಆಧುನಿಕ ಚೀನಾದ ಹೆಸರಾಂತ ಲೇಖಕ ಲು ಷುನ್ 20ನೇ ಶತಮಾನದಲ್ಲಿ ಚೀನೀ ಕಥಾಸಾಹಿತ್ಯದ ಚರಿತ್ರೆ ಬರೆದಾಗ, ನಿಜವಾದ ಸಾಮಾಜಿಕ ವಿಡಂಬನೆ ಶುರುವಾದದ್ದು ಈ ಪುಸ್ತಕದಿಂದ ಎಂದದ್ದು ಸುಮ್ನೆ ಅಲ್ಲ.

ಎಲ್ಲವೂ ನಗಿಸುವುದೂ ಇಲ್ಲ. 48ನೇ ಅಧ್ಯಾಯದ ವಾಂಗ್ ಯುಹುಯಿ ಮೂವತ್ತು ವರ್ಷದಿಂದ ಷಿಯೂತ್ಸಾಯ್, ಶಾಸ್ತ್ರಾಚಾರಗಳ ಬಗ್ಗೆ ಪುಸ್ತಕ ಬರೆಯುತ್ತಿರುವವನು. ಮಗಳ ಗಂಡ ಸಾಯುತ್ತಾನೆ. ತಾನೂ ಉಪವಾಸ ಬಿದ್ದು ಸಾಯುತ್ತೇನೆ ಅನ್ನುತ್ತಾಳೆ ಮಗಳು. ಅತ್ತೆ ಮಾವ ಅಳುತ್ತಾ ಬೇಡ ಅನ್ನುತ್ತಾರೆ. ಅಪ್ಪ, ಇದು ಇತಿಹಾಸದಲ್ಲಿ ಹೆಸರು ಉಳಿಯುವ ಕೆಲಸ, ಮಾಡು ಅನ್ನುತ್ತಾನೆ. ಎಂಟು ದಿನಕ್ಕೆ ಸಾಯುತ್ತಾಳೆ. ಒಳ್ಳೇ ಸಾವು, ಒಳ್ಳೇ ಸಾವು ಅಂತ ಆಕಾಶ ನೋಡಿ ನಗುತ್ತಾನೆ. ಆ ಕಾಲದಲ್ಲಿ ಇಂಥ ಸಾವುಗಳಿಗೆ ಸರ್ಕಾರವೇ ಗೌರವ ಕೊಟ್ಟು ಕಮಾನು ಕಟ್ಟಿಸುತ್ತಿತ್ತು. ಅವಳಿಗೂ ಗುಡಿಯಲ್ಲಿ ಸ್ಥಾನ ಸಿಗುತ್ತದೆ, ಊರ ಗಣ್ಯರೆಲ್ಲ ಸೇರಿ ಸಮಾರಂಭ ಮಾಡುತ್ತಾರೆ. ಅಪ್ಪನಿಗೆ ಅಲ್ಲಿ ಕೂರಲಾಗುವುದಿಲ್ಲ. ಮನೆಯಲ್ಲಿ ಹೆಂಡತಿಯ ಮುಖ ನೋಡಲಾಗದೆ ಪ್ರಯಾಣ ಹೊರಡುತ್ತಾನೆ. ಸುಝೌನಲ್ಲಿ ಒಂದು ದೋಣಿಯಲ್ಲಿ ಬಿಳಿ ಬಟ್ಟೆ ಉಟ್ಟ ಯುವತಿಯನ್ನು ಕಂಡು ಬಿಸಿ ಕಣ್ಣೀರು ಉದುರುತ್ತದೆ. ಮಗಳನ್ನು ಕೊಂದದ್ದು ಪುಸ್ತಕದ ವಿದ್ಯೆ. ಅಳು ಮಾತ್ರ ಅವನದೇ.

ಹಾಗಾದರೆ ಲೇಖಕನಿಗೆ ಮೆಚ್ಚುಗೆಯಾದವರು ಯಾರು? ನಾನ್‌ಜಿಂಗ್‌ನ ಕೆಲವು ಒಳ್ಳೆಯ ವಿದ್ವಾಂಸರು ಸೇರಿ ತಾಯ್ಬೊ ಎಂಬ ಪುರಾತನ ಸಜ್ಜನನಿಗೆ ಗುಡಿ ಕಟ್ಟಿ, ಶಾಸ್ತ್ರೋಕ್ತವಾಗಿ ಪೂಜೆ ಮಾಡುವ ಅಧ್ಯಾಯ ಕಾದಂಬರಿಯ ನಡುವೆ ಬರುತ್ತದೆ. ನಿಜಜೀವನದಲ್ಲೂ ವು ಇಂಥದೇ ಗುಡಿಯ ಜೀರ್ಣೋದ್ಧಾರಕ್ಕೆ ಮನೆ ಮಾರಿ ಹಣ ಕೊಟ್ಟಿದ್ದನೆಂದು ಹೇಳುತ್ತಾರೆ. ನನಗಂತೂ ಆ ಪೂಜೆಯ ಅಧ್ಯಾಯ ಓದುವಾಗ ಆಕಳಿಕೆ ಬಂತು. ಅವನಿಗೂ ಅದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲವೇನೋ, ಕೊನೆಯ ಹೊತ್ತಿಗೆ ಆ ಗುಡಿ ಪಾಳು ಬಿದ್ದಿರುತ್ತದೆ. 55ನೇ ಅಧ್ಯಾಯದಲ್ಲಿ ಉಳಿಯುವವರು ನಾಲ್ವರು: ಗುಡಿಯಲ್ಲಿ ಬಿದ್ದಿರುವ, ಕುಂಚದಲ್ಲಿ ಚಂದದ ಅಕ್ಷರ ಬರೆಯುವ ಕಲಾವಿದ, ಬೆಂಕಿ ಹೊತ್ತಿಸುವ ಕಾಗದದ ಸುರುಳಿ ಮಾರುತ್ತಾ ಗೋ ಎಂಬ ಮಣೆಯಾಟ ಆಡುವವನು, ಚಹಾದಂಗಡಿಯವನು, ಚಿನ್ ಎಂಬ ತಂತಿವಾದ್ಯ ನುಡಿಸುವ ದರ್ಜಿ. ಆ ದರ್ಜಿ ಜಿಂಗ್ ಯುವಾನ್‌ಗೆ ಗೆಳೆಯರು, ನೀನು ಸುಸಂಸ್ಕೃತ, ಈ ಕಸುಬು ಯಾಕೆ ಅನ್ನುತ್ತಾರೆ. ಹೊಲಿದರೆ ದಿನಕ್ಕೆ ಆರೇಳು ಫೆನ್ (ನೂರು ಫೆನ್ ಸೇರಿದರೆ ಒಂದು ಲಿಯಾಂಗ್) ಬೆಳ್ಳಿ ಸಿಗುತ್ತದೆ, ಹೊಟ್ಟೆ ತುಂಬಿದ ಮೇಲೆ ವಾದ್ಯ ನುಡಿಸುತ್ತೇನೆ, ಬರೆಯುತ್ತೇನೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ ಅನ್ನುತ್ತಾನೆ.

ಪರೀಕ್ಷೆ ಪದ್ಧತಿ 1905ರವರೆಗೂ ನಡೆಯಿತು. ಪುಸ್ತಕದ ಮೇಲೂ ಅದು ತನ್ನ ಸೇಡು ತೀರಿಸಿಕೊಂಡಿದೆ. 1803ರ ಮುದ್ರಣದಲ್ಲಿ 56ನೆಯ ಅಧ್ಯಾಯ ಒಂದಿದೆ. ಅದು ವು ಬರೆದದ್ದಲ್ಲ, ಆಮೇಲೆ ಯಾರೋ ಸೇರಿಸಿದ್ದು ಅಂತ 1869ರ ಮುದ್ರಣದ ಹಿನ್ನುಡಿಯಲ್ಲೇ ಆಕ್ಷೇಪ ಬಂತು. ಬಹಳ ಜನ ವಿದ್ವಾಂಸರು ಇದನ್ನು ಒಪ್ಪುತ್ತಾರೆ. ಆ ಅಧ್ಯಾಯದಲ್ಲಿ ಚಕ್ರವರ್ತಿ, ಅವಕಾಶ ಸಿಗದೆ ಸತ್ತ ಹಲವಾರು ಪಾತ್ರಗಳಿಗೆ ಮರಣೋತ್ತರವಾಗಿ ಜಿನ್‌ಷಿ ಪದವಿ ಕೊಡುತ್ತಾನೆ. ಪಟ್ಟಿಯಲ್ಲಿ ದು ಷಾವೊಚಿಂಗ್‌ನ ಹೆಸರೂ ಇದೆ. ಅವನಿಗೆ ಸಿಕ್ಕ ಸ್ಥಾನ ಮೂರನೆಯದು, ಲೇಖಕನ ಮುತ್ತಜ್ಜನಿಗೆ ಸಿಕ್ಕಿದ್ದ ಅದೇ ಸ್ಥಾನ.